ಐದು ಪೆಟ್ಟಿಗೆ, ಒಂದು ಆಡು

ಹೋದ ವಾರ ನಮ್ಮ ಸ್ಟುಡಿಯೋದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಆಂಪ್ಲಿಫೈಯರೊಂದನ್ನು ಯಾರೋ ಚಾಲೂ ಮಾಡಿದರು. ಹತ್ತು ನಿಮಿಷವಾಗುವಷ್ಟರಲ್ಲಿ ಕೋಣೆಯ ತುಂಬ ಒಂದು ವಾಸನೆ. ಮಳೆಗಾಲದ ತೇವ ಕುಡಿದ ಧೂಳು ಬಿಸಿಯಾದರೆ ಬರುತ್ತದಲ್ಲ, ಅದು. ಉಳಿದವರು ಮೂಗು ಹಿಡಿದುಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತು ಒಬ್ಬಳೇ ನಗತೊಡಗಿದೆ. ಜೊತೆಗೆ ಕೆಲಸ ಮಾಡುವ ಮರಾಠಿ ಹುಡುಗಿ ಬಾಗಿಲಿನಿಂದ ಇಣುಕಿ "ಕಾಯ ಝಾಲಂ ತಾಈ?" ಏನಾಯಿತಕ್ಕಾ ಎಂದಳು. ಆಡು ನೆನಪಾಯಿತು ಎಂದೆ. ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ಅವಳಿಗೆ ಅಂದು ಹೇಳಲು ಪುರುಸೊತ್ತಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಆ ಮಳೆಗಾಲದಲ್ಲಿ ನನಗೆ ಇಪ್ಪತ್ತೊಂಬತ್ತು. ಇದೇ ಸ್ಟುಡಿಯೋದಲ್ಲಿ ಇದೇ ಕೆಲಸ. ಪ್ರದರ್ಶನದ ಕೋಣೆಗಳಿಗೆ ಧ್ವನಿ ಕೂಡಿಸುವುದು. ನಡುವೆ ನಿಂತವರ ಸುತ್ತ ಆರೆಂಟು ಸ್ಪೀಕರುಗಳನ್ನು ಇಟ್ಟು, ಹಕ್ಕಿಯೊಂದು ಬೆನ್ನ ಹಿಂದಿನಿಂದ ಬಂದು ತಲೆಯ ಪಕ್ಕದಲ್ಲೇ ಹಾರಿ ಎದುರಿಗೆ ಹೋದಂತೆ ಕೇಳಿಸಬೇಕು. ಈ ಕೆಲಸಕ್ಕೆ ಬಂಡವಾಳ ಎರಡು ಕಿವಿ. ಜೂನ್ ತಿಂಗಳಲ್ಲಿ ನನಗೊಂದು ನೆಗಡಿ ಬಂತು, ಒಂದು ಬೆಳಿಗ್ಗೆ ಎದ್ದರೆ ಎಡಗಿವಿ ಮುಚ್ಚಿಹೋಗಿತ್ತು. ನೆಗಡಿಯಿಂದ ಕಟ್ಟಿದೆ, ತಾನೇ ಬಿಡುತ್ತದೆ ಎಂದು ಎರಡು ವಾರ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡು ಕೂತೆ. ಧ್ವನಿಯ ಕೆಲಸ ಮಾಡುವವಳು ಮಾಡಬಾರದ ಮೂರ್ಖತನ. ಡಾಕ್ಟರು ಪರೀಕ್ಷೆ ಮಾಡಿ, ಬೇಗ ಬಂದಿದ್ದರೆ ಏನಾದರೂ ಆಗುತ್ತಿತ್ತೇನೋ, ಈಗ ಆ ಕಿವಿ ಬರುವುದಿಲ್ಲ, ಬಲಗಿವಿ ಚೆನ್ನಾಗಿದೆಯಲ್ಲ, ಜೀವನಕ್ಕೆ ಅಷ್ಟು ಸಾಕು ಎಂದರು.

ಒಂದು ಕಿವಿಯಲ್ಲಿ ಎಲ್ಲವೂ ಕೇಳುತ್ತದೆ. ಎಲ್ಲಿಂದ ಎನ್ನುವುದು ಮಾತ್ರ ತಿಳಿಯುವುದಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ಗರಗರ ಸುತ್ತಬೇಕು. ಸದಾಶಿವ ಪೇಠದ ಗಲ್ಲಿಯಲ್ಲಿ ಸ್ಕೂಟರು ಹಾರ್ನ್ ಮಾಡಿದರೆ ಎಡಕ್ಕೆ ಸರಿಯಬೇಕೋ ಬಲಕ್ಕೋ ಗೊತ್ತಾಗದೆ, ನಡುರಸ್ತೆಯಲ್ಲಿ ನಿಂತು ಎಲ್ಲರ ಕೈಲೂ ಬೈಸಿಕೊಂಡಿದ್ದೇನೆ. ಪುಣೆಯವರ ಬೈಗುಳ ಒಂದು ಕಿವಿಗೂ ಧಾರಾಳವಾಗಿ ಸಾಲುತ್ತದೆ.

ಸ್ಟುಡಿಯೋದ ಮ್ಯಾಡಮ್‌ಗೆ ಟೈಫಾಯ್ಡ್ ಎಂದು ಸುಳ್ಳು ಹೇಳಿದೆ. ಅವರು ಆರಾಮ ಮಾಡು ಎಂದರು. ಆದರೆ ಗಣಪತಿ ಮುಗಿಯುತ್ತಲೇ ಬಾರಾಮತಿಯ ಕೆಲಸಕ್ಕೆ ನೀನೇ ಬೇಕು ಎಂದೂ ಹೇಳಿದರು. ಅಲ್ಲಿ ಒಂದು ಕೃಷಿ ಪ್ರದರ್ಶನದ ಕೋಣೆ, ಹನ್ನೆರಡು ಸ್ಪೀಕರು, ಒಳಗೆ ಬಂದವರಿಗೆ ಕಬ್ಬಿನ ಗದ್ದೆಯ ನಡುವೆ ನಿಂತಂತೆ ಕೇಳಬೇಕು. ಹೂಂ ಎಂದು ಫೋನ್ ಇಟ್ಟು ಅತ್ತೆ. ಈ ಕೆಲಸ ಬಿಟ್ಟು ನನಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರಲಾರದೆ ಬ್ಯಾಗು ಹಿಡಿದು ಸದಾಶಿವ ಪೇಠದ ಇಂದೂ ಆತ್ಯಾನ ಮನೆಗೆ ಬಂದೆ. ಅವಳಿಗೂ ಕಿವಿಯ ವಿಷಯ ಹೇಳಲಿಲ್ಲ. ಸ್ಟುಡಿಯೋಕ್ಕೆ ಬಣ್ಣ ಹಚ್ಚುತ್ತಿದ್ದಾರೆ, ರಜೆ ಎಂದೆ.

ಇಂದೂ ಆತ್ಯಾ ನನ್ನ ತಂದೆಯ ತಂಗಿ. ಧಾರವಾಡದಿಂದ ಮದುವೆಯಾಗಿ ಬಂದು, ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹೊಸ್ತಿಲು ದಾಟಿದರೆ ಮರಾಠಿ, ಒಳಗೆ ಬಂದರೆ ಧಾರವಾಡ. ಪೇಠದಲ್ಲಿ ಒಂದು ಪುಟ್ಟ ಕನ್ನಡ ಮಂಡಳಿಯಿದೆ, ಹಳೆಯ ವಾಡೆಯೊಂದರ ಕೆಳಗಿನ ಹಾಲ್‌ನಲ್ಲಿ. ಪ್ರತಿ ವರ್ಷ ಗಣಪತಿಯ ದಿನಗಳಲ್ಲಿ ಅಲ್ಲಿ ಒಂದು ನಾಟಕ. ಬರೆಯುವವಳು ಆತ್ಯಾ, ಆಡಿಸುವವಳು ಆತ್ಯಾ, ತಾಲೀಮಿಗೆ ಬಂದವರಿಗೆ ಅವಲಕ್ಕಿ ಹಚ್ಚುವವಳೂ ಆತ್ಯಾನೇ. ಆ ವರ್ಷ ಜುಲೈನ ಮಳೆಗೆ ರಂಗದ ಹಲಗೆಗಳು ಕುಂಬಾಗಿ, ಮಂಡಳಿಯ ದೇಶಪಾಂಡೆ ಕಾಕಾ ತಾಲೀಮಿನಲ್ಲಿ ಯುದ್ಧಕ್ಕೆ ಹೊರಡುವ ರಾಜನಾಗಿ ಮೊದಲ ಹೆಜ್ಜೆ ಇಟ್ಟಾಗ ಒಂದು ಕಾಲು ಮೊಣಕಾಲಿನ ತನಕ ಒಳಗೆ ಹೋಯಿತು. ಕಾಲಿಗೇನೂ ಆಗಲಿಲ್ಲ. ರಾಜ್ಯ ಹೋಯಿತು. ವಾಡೆಯ ಮಾಲೀಕರು ರಂಗಕ್ಕೆ ಹಗ್ಗ ಕಟ್ಟಿ, ದುರಸ್ತಿಯಾಗುವ ತನಕ ಯಾರೂ ಹತ್ತಬಾರದು ಎಂದರು.

ಆತ್ಯಾ ಅಂದು ಸಂಜೆ ಚಹಾ ಕುಡಿಯುತ್ತ ಗಪ್ಪನೆ ಕೂತಿದ್ದಳು. ಅವಳು ಗಪ್ಪನೆ ಕೂತರೆ ನಾವೆಲ್ಲ ಹುಷಾರಾಗಬೇಕು.

"ರಂಗ ಬ್ಯಾಡನ ಬ್ಯಾಡ," ಎಂದಳು. "ಮಂದಿ ಹಾಲಿನ ನಡುವ ಕೂಡ್ಲಿ, ನಾಟಕ ಅವರ ಸುತ್ತ ಆಗ್ಲಿ. ಕಣ್ಣು ಮುಚ್ಚಿ ಕೇಳೋ ನಾಟಕ. ಎಲ್ಲಾರ ಮಾತು ಮದಲ ರೆಕಾರ್ಡ್ ಮಾಡಿ ಇಟ್ಟಬಿಡೋಣು. ನಮ್ಮ ಶಾಲೂನ ಕೆಲಸನ ಅದು ಅದ, ಹೌದಲ್ಲೋ?"

ಶಾಲೂ ಎಂದರೆ ನಾನು. ಆಗೋದಿಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಕಿವಿ ಎನ್ನಬೇಕು. ಹೂಂ ಎಂದೆ. ಆಮೇಲೆ ರೆಕಾರ್ಡಿಂಗ್ ಮಾಡುತ್ತ ಮಾಡುತ್ತ ನನ್ನೊಳಗೇ ಒಂದು ಹಠ ಹುಟ್ಟಿತು. ಈ ಹಾಲ್ ನನ್ನ ಪರೀಕ್ಷೆ. ಇಲ್ಲಿ ಒಂದು ಕಿವಿಯಲ್ಲಿ ಮಾಡಲು ಬಂದರೆ ಬಾರಾಮತಿಗೆ ಹೋಗುವುದು. ಬರದಿದ್ದರೆ ಮ್ಯಾಡಮ್‌ಗೆ ರಾಜೀನಾಮೆ ಕಳಿಸಿ, ಆತ್ಯಾನ ಎದುರು ಮನೆಯವರ ಕೋಚಿಂಗ್ ಕ್ಲಾಸಿನಲ್ಲಿ ಭೌತಶಾಸ್ತ್ರ ಕಲಿಸುವುದು.

ಆತ್ಯಾ ರಾಜನನ್ನು ಮೂಲೆಗೆ ಹಾಕಿ ನಾಲ್ಕು ದಿನದಲ್ಲಿ ಹೊಸ ನಾಟಕ ಬರೆದಳು. ಮದುವೆಯ ಮುಹೂರ್ತ ಬರೆದಿಟ್ಟ ಒಂದೇ ಒಂದು ಚೀಟಿಯನ್ನು ಆಡೊಂದು ಬಾಯಲ್ಲಿ ಕಚ್ಚಿಕೊಂಡು ಓಡುತ್ತದೆ. ಮುಹೂರ್ತ ಯಾರಿಗೂ ನೆನಪಿಲ್ಲ. ಊರಿಗೆ ಊರೇ ಆಡಿನ ಬೆನ್ನು ಹತ್ತುತ್ತದೆ. ಆಡು ಕೇಳುಗರ ಸುತ್ತ ಮೂರು ಸುತ್ತು ಓಡಬೇಕು, ಕೊನೆಗೆ ಅವರ ನಡುವೆಯೇ ನುಗ್ಗಬೇಕು. ಆಡಿನ ದನಿ ಹನಮಂತಪ್ಪನದು. ಅವನು ಯಾದಗಿರಿ ಕಡೆಯವನು, ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಈಗ ಮಾರ್ಕೆಟ್ ಯಾರ್ಡಿನಲ್ಲಿ ಲಾರಿಗಳಿಗೆ ಮಾಲು ಏರಿಸುವ ತಂಡದ ಮುಖಂಡ. ಆತ್ಯಾನ ಅಡಿಗೆಮನೆಯಲ್ಲಿ ಅವನು ಕಣ್ಣು ಮುಚ್ಚಿ ಎಷ್ಟು ಚೆನ್ನಾಗಿ ಮ್ಯಾಂ ಎಂದನೆಂದರೆ, ಮೇಲಿನ ಮನೆಯ ಮರಾಠಿ ಅಜ್ಜ ಇಳಿದು ಬಂದು, ಸೊಸೈಟಿಯಲ್ಲಿ ದನಕರು ಸಾಕುವ ಹಾಗಿಲ್ಲ ಎಂದು ನಿಯಮ ಹೇಳಿ ಹೋದರು.

ಇನ್ನು ಸ್ಪೀಕರು. ಗಣಪತಿಯ ದಿನಗಳಿಗೆ ಸ್ಪೀಕರು ಬಾಡಿಗೆಗೆ ಕೊಡಿ ಎಂದು ಪುಣೆಯಲ್ಲಿ ಆಗಸ್ಟಿನಲ್ಲಿ ಕೇಳಿದವಳು ನಾನೊಬ್ಬಳೇ ಇರಬೇಕು. ಮೂರು ಅಂಗಡಿಯವರು ನಕ್ಕರು, ನಾಲ್ಕನೆಯವನು ಚಹಾ ಕೊಟ್ಟು ನಕ್ಕ. ಆಗ ಮಂಡಳಿಯವರು ತಮ್ಮ ತಮ್ಮ ಮನೆಯಲ್ಲಿದ್ದದ್ದನ್ನು ಹೊತ್ತು ತಂದರು. ದೇಶಪಾಂಡೆ ಕಾಕಾ ಬ್ಯಾಂಕಿನಿಂದ ನಿವೃತ್ತರಾದಾಗ ಆಸೆಪಟ್ಟು ಕೊಂಡ ಎರಡು ಮರದ ಸ್ಪೀಕರುಗಳನ್ನು, ಅವುಗಳ ಆಂಪ್ಲಿಫೈಯರನ್ನು ಶಾಲಿನಲ್ಲಿ ಸುತ್ತಿ ರಿಕ್ಷಾದಲ್ಲಿ ತಂದರು. ಸರೋಜಾ ಮಾವಶಿ, ಆತ್ಯಾನ ಗೆಳತಿ, ತೀರಿಹೋದ ಗಂಡನ ದೊಡ್ಡ ರೇಡಿಯೋ ತಂದಳು. ಹನಮಂತಪ್ಪ ಯಾರ್ಡಿನ ಗೇಟಿನಲ್ಲಿ ಲಾರಿ ನಂಬರು ಕೂಗುವ ತಗಡಿನ ಭೋಂಗಾ, ಅಂದರೆ ತುತ್ತೂರಿಯಂಥ ಸ್ಪೀಕರು, ತಂದ. ಬೆಂಗಳೂರಿನಿಂದ ಬಂದು ಇಲ್ಲಿ ಐಟಿ ಕಂಪನಿಯಲ್ಲಿದ್ದ ರಕ್ಷಿತ್ ನೀರಿನ ಬಾಟಲಿಯಷ್ಟಿದ್ದ ಒಂದು ಬ್ಲೂಟೂತ್ ಸ್ಪೀಕರನ್ನು ಜೇಬಿನಿಂದ ತೆಗೆದು, "ಮೇಡಂ, ಸೈಜ್ ನೋಡ್ಬೇಡಿ, ಇದ್ರ ಪವರ್ರೇ ಬೇರೆ" ಎಂದ. ಜೊತೆಗೆ ಮಂಡಳಿಯದೇ ಒಂದು ದೊಡ್ಡ ಸ್ಪೀಕರು ಡಬ್ಬ ಇತ್ತು. ಅದರ ಸಣ್ಣ ದನಿಯ ಭಾಗ ಸುಟ್ಟುಹೋಗಿ ಬರೀ ಧಡ್ ಧಡ್ ಎನ್ನುತ್ತಿತ್ತು, ಅದಕ್ಕೇ ಯಾವ ಗಣಪತಿಯೂ ಅದನ್ನು ಒಯ್ದಿರಲಿಲ್ಲ.

ಡಬ್ಬವನ್ನು ಮೂಲೆಗೆ ನಿಲ್ಲಿಸಿ, ಉಳಿದ ಐದನ್ನು ಕುರ್ಚಿಗಳ ಸುತ್ತ ಇಟ್ಟು ಮೊದಲ ದಿನ ಆಡನ್ನು ಓಡಿಸಿದೆ. ತೇವದ ಧೂಳು ಬಿಸಿಯಾಗಿ ಸುತ್ತೆಲ್ಲ ಅದೇ ವಾಸನೆ ಎದ್ದಿತು. ದೇವರೇ. ಕಾಕಾರ ಪೆಟ್ಟಿಗೆಯಲ್ಲಿ ಅದು ಮನೆತನಸ್ಥ ಆಡು. ಭೋಂಗಾಕ್ಕೆ ಬಂದ ಕೂಡಲೇ ಲಾರಿ ನಂಬರು ಕೂಗುವ ಆಡು. ರೇಡಿಯೋದಲ್ಲಿ ವಾರ್ತೆ ಓದುವ ಆಡು. ರಕ್ಷಿತನ ಬಾಟಲಿಯಲ್ಲಿ ಹುಟ್ಟಿ ಎರಡು ದಿನವಾಗಿರದ ಮರಿ. ಒಂದು ಆಡು ಓಡುವ ಬದಲು ಐದು ಆಡುಗಳು ಸರದಿಯ ಮೇಲೆ ಹಾಜರಿ ಹೇಳುತ್ತಿದ್ದವು. ಆತ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ಬಹಳ ದಿನಗಳ ಮೇಲೆ.

ಮಾಡಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಇಂಥಲ್ಲಿ ಬಡವರನ್ನು ಎತ್ತಲು ಹೋದರೆ ಕೆಲಸ ಕೆಡುತ್ತದೆ. ಭೋಂಗಾಕ್ಕೆ ದಪ್ಪ ದನಿ ಬರುವುದೇ ಇಲ್ಲ, ಎಷ್ಟು ತಳ್ಳಿದರೂ ಬರೀ ಒದರುತ್ತದೆ. ಹಾಗಾಗಿ ಶ್ರೀಮಂತರನ್ನೇ ಸ್ವಲ್ಪ ಇಳಿಸಬೇಕು. ಐದರಿಂದಲೂ ದಪ್ಪ ದನಿಯನ್ನು ತೆಗೆದು, ಆಡಿನ ಕಾಲಿನ ಧಡಧಡವನ್ನೆಲ್ಲ ಮೂಲೆಯ ಡಬ್ಬಕ್ಕೆ ಕೊಟ್ಟೆ. ಅಷ್ಟು ದಪ್ಪ ದನಿ ಎಲ್ಲಿಂದ ಬರುತ್ತದೆಂದು ಎರಡು ಕಿವಿ ಇದ್ದವರಿಗೂ ತಿಳಿಯುವುದಿಲ್ಲ, ಅದು ಯಾವ ಮೂಲೆಯಲ್ಲಿದ್ದರೂ ನಡೆಯುತ್ತದೆ. ಐದು ಪೆಟ್ಟಿಗೆಗೂ ಬರುವಷ್ಟು ದನಿಯನ್ನು ಮಾತ್ರ ಐದಕ್ಕೂ ಉಳಿಸಿದೆ. ರೇಡಿಯೋ ಕುರ್ಚಿಗಳಿಗೆ ತೀರ ಹತ್ತಿರ, ಹಾಗಾಗಿ ಅದನ್ನು ಸಣ್ಣಗೆ ಮಾಡಿ, ಕಣ್ಣು ಮಿಟುಕಿಸುವುದರ ಒಂದು ಚೂರಿನಷ್ಟು ತಡವಾಗಿ ನುಡಿಸಿದೆ. ಕಾಕಾರಿಗೆ ಇದು ರುಚಿಸಲಿಲ್ಲ. "ಇಷ್ಟು ಛಲೋ ಪೆಟಗೀಗೆ ಭೋಂಗಾದ ಸಂಸ್ಕಾರ ಕೊಟ್ಟೆಲ್ಲವಾ," ಎಂದರು. ಮುಖ ಸಣ್ಣದಾಗಿತ್ತು.

ಉಳಿದದ್ದು ದಿಕ್ಕು. ಅಕ್ಕಪಕ್ಕದ ಎರಡು ಪೆಟ್ಟಿಗೆಯಲ್ಲಿ ಆಡನ್ನು ಅರ್ಧರ್ಧ ಬಿಟ್ಟರೆ ಅದು ಎರಡರ ನಡುವೆ, ಖಾಲಿ ಜಾಗದಲ್ಲಿ ನಿಂತಂತೆ ಕೇಳುತ್ತದೆ. ಒಂದು ಚೂರು ಹೆಚ್ಚಾದರೂ ಆ ಕಡೆಗೆ ಜಿಗಿದುಬಿಡುತ್ತದೆ. ಇದನ್ನು ಒಂದು ಕಿವಿಯಲ್ಲಿ ತಿಳಿಯುವುದು ಆಗದ ಮಾತು. ಅದಕ್ಕೆ ಒಂದು ಉಪಾಯ ಮಾಡಿದೆ. ಎಲ್ಲರನ್ನೂ ನಡುವೆ ಕೂರಿಸಿ, ಕಣ್ಣು ಮುಚ್ಚಿಸಿ, ಆಡು ಎಲ್ಲಿದೆಯೋ ಅತ್ತ ಕೈ ಚಾಚಿ ಎಂದೆ. ನಿಮ್ಮ ಅನುಕೂಲಕ್ಕೆ ಎಂದು ಹೇಳಿದೆ, ನನ್ನ ಅನುಕೂಲಕ್ಕೆ ಎಂದು ಹೇಳಲಿಲ್ಲ. ಅಳೆಯುವ ಮೀಟರು ಬ್ಯಾಗಿನಲ್ಲೇ ಇತ್ತು, ಜೋರು ಎಷ್ಟು ಎನ್ನುವುದನ್ನಾದರೂ ಅದು ಹೇಳುತ್ತಿತ್ತು. ತೆಗೆಯಲಿಲ್ಲ. ಇರುವ ಕಿವಿಯಲ್ಲಾದರೂ ಸರಿಮಾಡಿ ತೋರಿಸುತ್ತೇನೆ ಎಂಬ ಸೊಕ್ಕು.

ಆಡು ಮ್ಯಾಂ ಎಂದಿತು. ಸರೋಜಾ ಮಾವಶಿ ರೇಡಿಯೋದತ್ತ ಕೈ ಚಾಚಿದಳು. ಕಾಕಾ ಮರದ ಪೆಟ್ಟಿಗೆಯತ್ತ. ಹನಮಂತಪ್ಪ ಭೋಂಗಾದತ್ತ. ರಕ್ಷಿತ್ ಬಾಟಲಿಯತ್ತ. ಆತ್ಯಾ ಏನನ್ನೂ ತಂದಿರಲಿಲ್ಲ, ಹಾಗಾಗಿ ಅವಳೊಬ್ಬಳು ಬಾಗಿಲಿನತ್ತ. ನಿಜಕ್ಕೂ ಆಡು ಅಲ್ಲೇ ಇತ್ತು. ಎರಡನೇ ಸಲ ಬೇರೆ ಕಡೆ ಬಿಟ್ಟೆ. ಆತ್ಯಾನ ಕೈ ಮಾತ್ರ ಸರಿಯಿತು, ಉಳಿದಂತೆ ಅದೇ ಕೈಗಳು, ಅದೇ ದಿಕ್ಕುಗಳು.

"ಮಾವಶಿ, ಖರೇನ ರೇಡಿಯೋದಿಂದ ಬಂತೇನು?" ಎಂದೆ.

"ಮತ್ತೆಲ್ಲಿಂದ ಬರಬೇಕವಾ? ಅವರ ರೇಡಿಯೋ ದನಿ ನಂಗ ಗೊತ್ತಾಗೂದಿಲ್ಲೇನು?"

ತಾವು ತಂದ ಪೆಟ್ಟಿಗೆಯೇ ಮಾತಾಡುತ್ತಿದೆ ಎಂದು ಅವರು ಬೇಕೆಂದೇ ಹೇಳುತ್ತಿರಲಿಲ್ಲ. ಪಾಪ, ಅವರಿಗೆ ಹಾಗೇ ಕೇಳುತ್ತಿತ್ತು. ಮಕ್ಕಳ ಗುಂಪು ಹಾಡಿದರೆ ತಾಯಿಗೆ ತನ್ನ ಮಗುವಿನ ದನಿಯೇ ಕೇಳುತ್ತದಲ್ಲ, ಹಾಗೆ.

ಇಷ್ಟಾದರೂ ದಿನಾ ಮಧ್ಯಾಹ್ನ ಆತ್ಯಾನ ಕೈ ನೋಡಿಕೊಂಡು ಒಂದಿಷ್ಟು ಸರಿಮಾಡುತ್ತಿದ್ದೆ. ಸಂಜೆಯಾದರೆ ಪಕ್ಕದ ಮೈದಾನದಲ್ಲಿ ಢೋಲ್ ತಾಶಾ ತಾಲೀಮು ಶುರುವಾಗುತ್ತಿತ್ತು, ಆಮೇಲೆ ನಮ್ಮ ಆಡಿನದೇನೂ ನಡೆಯುತ್ತಿರಲಿಲ್ಲ. ಮನೆಗೆ ಹೋಗುವಾಗ ಸರಿ ಇರುತ್ತಿತ್ತು. ಮರುದಿನ ಬಂದು ಹಾಕಿದರೆ ಕೆಟ್ಟಿರುತ್ತಿತ್ತು. ನಿನ್ನೆ ಸರಿಯಿದ್ದ ಭೋಂಗಾ ಇಂದು ಚೀರುತ್ತದೆ, ನಿನ್ನೆ ಕಿಟಕಿಯ ಬಳಿ ನಿಂತಿದ್ದ ಆಡು ಇಂದು ರೇಡಿಯೋದ ಒಳಗೆ ಹೊಕ್ಕಿದೆ. ಮತ್ತೆ ಸರಿಮಾಡುವುದು, ಮತ್ತೆ ಮರುದಿನ ಕೆಡುವುದು. ಎರಡು ವಾರ ಹೀಗೆ. ಮೊದಲು ಮಳೆಯ ತೇವಕ್ಕೆ ಬೈದೆ. ಆಮೇಲೆ ಪೇಠದ ಕರೆಂಟಿಗೆ ಬೈದೆ. ಕೊನೆಗೆ ಬೈಯಲು ಉಳಿದದ್ದು ನನ್ನ ಬಲಗಿವಿ ಒಂದೇ. ಜೋರು ಮೆಲು ಎಷ್ಟು ಎನ್ನುವುದೂ ನನಗೆ ಹಿಡಿತ ತಪ್ಪಿದೆ, ಇಂದು ಒಂದು ಕೇಳುತ್ತದೆ ನಾಳೆ ಇನ್ನೊಂದು, ಈ ಕಿವಿಯೂ ಹೋಗುತ್ತಿದೆಯೇನೋ ಎಂದು ಹೆದರಿಕೆ ಹೊಕ್ಕಿತು. ಊಟ ಸೇರದಾಯಿತು.

ನಾಟಕಕ್ಕೆ ಆರು ದಿನ ಉಳಿದಿದ್ದಾಗ, ಅಂದಿನ ತಾಲೀಮು ಮುಗಿದು ಎಲ್ಲರೂ ಹೋದ ಮೇಲೆ, ನಾನು ರಂಗದ ಪರದೆಯ ಹಿಂದೆ ಗೋಡೆಗೊರಗಿ ಕೂತೆ. ಮುರಿದ ಹಲಗೆಗಳ ಪಕ್ಕದಲ್ಲಿ, ತುಕ್ಕು ಹಿಡಿದ ಒಂದು ಟ್ರಂಕಿನ ಮೇಲೆ. ಹೊರಗೆ ಜೋರು ಮಳೆ. ಫೋನಿನಲ್ಲಿ ಮ್ಯಾಡಮ್‌ಗೆ ಬರೆದೆ: ಬಾರಾಮತಿಗೆ ಬೇರೆಯವರನ್ನು ನೋಡಿಕೊಳ್ಳಿ, ನಾನು ಕೆಲಸ ಬಿಡುತ್ತಿದ್ದೇನೆ. ಕಳಿಸುವ ಮೊದಲು ಮೂಗು ಒರೆಸಿಕೊಳ್ಳಲು ದುಪಟ್ಟಾ ಹುಡುಕುತ್ತಿದ್ದೆ.

ಬಾಗಿಲು ಕಿರ್ ಎಂದಿತು. ಎಲ್ಲಿಂದ ಎಂದು ತಿಳಿಯದಿದ್ದರೂ ಹಾಲಿಗೆ ಇರುವುದೇ ಒಂದು ಬಾಗಿಲು. ಪರದೆಯ ಹರಕಿನಿಂದ ನೋಡಿದೆ. ದೇಶಪಾಂಡೆ ಕಾಕಾ. ಅತ್ತಿತ್ತ ನೋಡಿ, ತುದಿಗಾಲಲ್ಲಿ ತಮ್ಮ ಆಂಪ್ಲಿಫೈಯರಿನ ಹತ್ತಿರ ಹೋಗಿ, ಗುಂಡಿಯನ್ನು ಒಂದೇ ಒಂದು ಚೂರು ತಿರುಗಿಸಿದರು. ಕರವಸ್ತ್ರದಿಂದ ಮರದ ಪೆಟ್ಟಿಗೆಗಳನ್ನು ಒರೆಸಿ, "ಈಗ ಛಲೋ ಆತು" ಎಂದು ಅವುಗಳಿಗೆ ಹೇಳಿದರು. ಅಷ್ಟರಲ್ಲಿ ಮತ್ತೆ ಬಾಗಿಲು. ಕಾಕಾ ಕಂಬದ ಹಿಂದೆ ಸರಿದರು. ಸರೋಜಾ ಮಾವಶಿ ಸೀದಾ ರೇಡಿಯೋದ ಹತ್ತಿರ ಹೋಗಿ ದನಿಯ ಗುಂಡಿ ತಿರುಗಿಸಿ, ಅದರ ತಲೆಯ ಮೇಲೆ ಕೈಯಾಡಿಸಿದಳು. ಅವಳು ತಿರುಗುವ ಮೊದಲೇ ರಕ್ಷಿತ್ ಬಂದ. ಅವಳಿಗೆ ಬೆನ್ನು ಮಾಡಿ ಬಾಟಲಿಯ ಮೇಲಿನ ಗುಂಡಿಯನ್ನು ಎರಡು ಸಲ ಒತ್ತಿದ. ಕೊನೆಗೆ ಹನಮಂತಪ್ಪ, ತಲೆಯ ಮೇಲೆ ಗೋಣಿಚೀಲ, ನೇರ ಭೋಂಗಾಕ್ಕೆ.

ನಾಲ್ವರೂ ಒಮ್ಮೆಲೇ ಮುಖಾಮುಖಿಯಾದರು.

"ನಾ ಛತ್ರಿ ಮರತಿದ್ದೆ," ಎಂದರು ಕಾಕಾ. ಛತ್ರಿ ಅವರ ಕೈಯಲ್ಲೇ ಇತ್ತು, ನೀರು ಸೋರುತ್ತಿತ್ತು.

"ನಾನೂ ಛತ್ರೀನ," ಎಂದಳು ಮಾವಶಿ. ಅವಳ ಕೈಯಲ್ಲೂ ಇತ್ತು.

"ಸೇಮ್," ಎಂದ ರಕ್ಷಿತ್.

ಹನಮಂತಪ್ಪ ಮೂವರನ್ನೂ ನೋಡಿದ. "ನಾ ಸುಳ್ಳ ಹೇಳಂಗಿಲ್ರಿ. ನಮ್ ಭೋಂಗಾ ಸಣ್ಣಗ ಕೇಳಾಕತ್ತಿತ್ತು, ಹೆಚ್ಚ ಮಾಡಾಕ ಬಂದೀನ್ರಿ. ದಿನಾ ಬರ್ತೀನ್ರಿ."

ನನಗೆ ನಗು ತಡೆಯಲಾಗಲಿಲ್ಲ. ಪರದೆ ಸರಿಸಿ ಹೊರಗೆ ಬಂದೆ. ನಗುತ್ತ ಬಂದವಳು ನಾಲ್ಕು ಹೆಜ್ಜೆಗೇ ಕೂಗಾಡತೊಡಗಿದೆ, ನನ್ನ ಸಿಟ್ಟು ಯಾವಾಗಲೂ ನಗುವಿನ ಬೆನ್ನಿಗೇ ಬರುತ್ತದೆ.

"ಎರಡು ವಾರ! ಎರಡು ವಾರ ನನ್ನ ಕಿವೀನ ಕೆಟ್ಟದ ಅಂತ ಅಳಕೋತ ಕೂತೀನಿ ನಾನು! ಒಂದು ಹೋಗಿ ಆಗೇದ, ಇನ್ನೊಂದೂ ಹೋತು ಅಂತ ಕೆಲಸಾ ಬಿಡಲಿಕ್ಕೆ ನಿಂತಿದ್ದೆ!"

ಬಾಯಿಂದ ಬಂದುಬಿಟ್ಟಿತ್ತು. ಸರೋಜಾ ಮಾವಶಿ ಮೆಲ್ಲಗೆ, "ಯಾವ ಕಿವಿನವಾ ಹೋಗಿದ್ದು?" ಎಂದಳು.

"ಎಡಗಿವಿ," ಎಂದಿತು ಬಾಗಿಲಿನ ದನಿ. ಇಂದೂ ಆತ್ಯಾ ಛತ್ರಿ ಮಡಚುತ್ತಿದ್ದಳು. "ನಮ್ಮನೀಗೆ ಬಂದ ದಿವಸನ ಗೊತ್ತಾತು ನಂಗ. ಎಡಗಡೆ ನಿಂತು ಮೆಲ್ಲಗ ಚಹಾ ಬೇಕೇನು ಅಂದೆ. ಬೇಕು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಚಹಾದ ಮಾತಿಗೆ ಸುಮ್ಮನ ಕೂಡೋ ಪೈಕಿ ಅಲ್ಲ ಈಕಿ."

"ಗೊತ್ತಿದ್ದೂ ಈ ಕೆಲಸಾ ಹಚ್ಚಿದೆಯಾ ನಂಗ?"

"ಗೊತ್ತಿತ್ತು ಅಂತನ ಹಚ್ಚಿದೆ. ಮನಿಯೊಳಗ ಕೂತು ಎದುರು ಮನಿ ಕ್ಲಾಸಿನ ಬೋರ್ಡು ನೋಡ್ಲಿಕ್ಕೆ ಶುರು ಮಾಡಿದ್ದೆಲ್ಲಾ ನೀ, ಅದಕ್ಕ."

ನಾನು ಕೂತು ಅತ್ತೆ. ಈ ಸಲ ಪರದೆಯ ಹಿಂದೆ ಅಲ್ಲ, ಎಲ್ಲರ ನಡುವೆ, ಕೇಳುಗರ ಕುರ್ಚಿಯಲ್ಲಿ. ಕಾಕಾ ತಮ್ಮ ಪೆಟ್ಟಿಗೆ ಒರೆಸಿದ ಕರವಸ್ತ್ರವನ್ನೇ ಕೊಟ್ಟರು. "ತಪ್ಪಾತವಾ. ಪೆಟಗೀ ಮ್ಯಾಲಿನ ಮೋಹ," ಎಂದರು. ಹನಮಂತಪ್ಪ ಮಾತ್ರ ಇದನ್ನು ದೊಡ್ಡ ಸುದ್ದಿಯೆಂದೇ ಭಾವಿಸಲಿಲ್ಲ. "ಒಂದು ಐತಲ್ರಿ ಅಕ್ಕಾರ. ನಮ್ ಯಾರ್ಡಿನ್ಯಾಗ ಲಾರಿ ಹಾರ್ನ್ ಕೇಳಿ ಕೇಳಿ ಅರ್ಧ ಮಂದೀಗಿ ಒಂದೂ ಸರಿ ಇಲ್ಲ. ಹೆಂಗ ದಂಧೆ ನಡಸ್ತಾರಂತೀರಿ? ಒಬ್ಬರ ಮುಖ ಒಬ್ಬರು ನೋಡ್ಕೋತ." ಸರೋಜಾ ಮಾವಶಿ ಹತ್ತಿರ ಬಂದು, ಬಲಗಡೆಯ ಕುರ್ಚಿಯನ್ನೇ ಹುಡುಕಿ ಕೂತಳು. "ದಿನಾ ಸಂಜೀಕ ಅವರು ಇದರ ಮುಂದ ಕೂಡ್ತಿದ್ರು. ಎಲ್ಲಾರ ಪೆಟಗಿಯೊಳಗ ಆಡು ಜಬರದಸ್ತ ಒದರತದ, ಅವರದರೊಳಗ ಕುಂಯ್ ಅಂತದ. ಜೀವ ತಡೀಲಿಲ್ಲವಾ," ಎಂದಳು. ಅವಳ ಕೈ ಹಿಡಿದುಕೊಂಡೆ. ಫೋನಿನಲ್ಲಿ ಬರೆದದ್ದನ್ನು ಅಳಿಸಿಹಾಕಿದೆ.

ಮರುದಿನ ಮೀಟರು ಬ್ಯಾಗಿನಿಂದ ಹೊರಗೆ ಬಂತು. ಸೊಕ್ಕು ಒಳಗೆ ಹೋಯಿತು. ಎಷ್ಟು ಜೋರು ಎನ್ನುವುದನ್ನು ಮೀಟರು ಹೇಳಲಿ, ಎಲ್ಲಿ ಎನ್ನುವುದನ್ನು ಜನ ಹೇಳಲಿ, ನಾನು ಇಬ್ಬರನ್ನೂ ಕೇಳಿ ಕೆಲಸ ಮಾಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಜನ ತಮ್ಮ ತಮ್ಮ ಪೆಟ್ಟಿಗೆಯನ್ನೇ ತೋರಿಸಿದರೆ? ಅದಕ್ಕೆ ಆತ್ಯಾನೇ ದಾರಿ ಮಾಡಿದಳು. ಮನೆಯಿಂದ ತೊಳೆದು ತೊಳೆದು ತೆಳ್ಳಗಾದ ನೂಲಿನ ಸೀರೆಗಳ ಗಂಟು ತಂದಳು. ನಾಲ್ವರನ್ನೂ ಎದುರಿನ ಹೋಟೆಲಿಗೆ ಚಹಾಕ್ಕೆ ಅಟ್ಟಿ, ನಾವಿಬ್ಬರೇ ಐದು ಪೆಟ್ಟಿಗೆಗಳ ಜಾಗ ಅದಲುಬದಲು ಮಾಡಿದೆವು. ಎಲ್ಲವನ್ನೂ ಒಂದೇ ಎತ್ತರದ ಸ್ಟೂಲಿನ ಮೇಲೆ ಇಟ್ಟು, ಸುತ್ತ ರಟ್ಟಿನ ಚೌಕಟ್ಟು ನಿಲ್ಲಿಸಿ, ಮೇಲಿಂದ ನೆಲದ ತನಕ ಸೀರೆ ಇಳಿಬಿಟ್ಟೆವು. ಹೊರಗಿನಿಂದ ನೋಡಿದರೆ ಐದು ಹೆಂಗಸರು ಮುಖ ಮುಚ್ಚಿಕೊಂಡು ಹಾಲಿನ ಸುತ್ತ ನಿಂತ ಹಾಗೆ. ಜಾಗ ಬದಲಾದ ಮೇಲೆ ಅಳತೆ ಎಲ್ಲ ಹೊಸದಾಗಿ ಮಾಡಬೇಕಾಯಿತು, ಮೀಟರು ಹಿಡಿದು ಮಾಡಿದೆ.

ಚಹಾ ಮುಗಿಸಿ ಬಂದವರು ಸೀರೆಗಳನ್ನು ನೋಡಿ ಪೆಚ್ಚಾದರು. ಕಣ್ಣು ಮುಚ್ಚಿ ಎಂದೆ. ಆಡು ಬಿಟ್ಟೆ. ಮೊದಲ ಸಲ ನಾಲ್ಕು ಕೈಗಳೂ ಗಾಳಿಯಲ್ಲಿ ಸ್ವಲ್ಪ ತಡವರಿಸಿದವು. ತಮ್ಮದು ಯಾವುದೆಂದು ಗೊತ್ತಿಲ್ಲದ ಮೇಲೆ ಕೇಳದೆ ಗತಿಯಿರಲಿಲ್ಲ. ಆಮೇಲೆ ಒಂದೊಂದಾಗಿ ಹೊರಳಿ, ಎಲ್ಲವೂ ಒಂದೇ ಕಡೆ ನಿಂತವು. ನಾನು ಹಾಳೆಯಲ್ಲಿ ಬರೆದುಕೊಂಡೆ. ಆಡನ್ನು ಸರಿಸಿದೆ, ಕೈಗಳು ಸರಿದವು. ಎಲ್ಲಿ ಕೈಗಳು ಚೆದುರಿದವೋ ಅಲ್ಲಿ ತಿದ್ದಿದೆ. ಆ ಐದು ದಿನ ನಾನು ಮಾಡಿದ್ದು ಅಷ್ಟೇ. ಕೈ ನೋಡುವುದು, ತಿದ್ದುವುದು, ಮತ್ತೆ ಕೈ ನೋಡುವುದು. ಊಟ ಎರಡೆರಡು ಸಲ ಸೇರತೊಡಗಿತು.

ಶುಕ್ರವಾರ ಕಾಕಾ ಕಣ್ಣು ಮುಚ್ಚಿಕೊಂಡೇ ಉದ್ಗರಿಸಿದರು. "ಆಹಾ! ಇದು ನೋಡ್ರಿ ದನಿ. ಎಷ್ಟು ಶುದ್ಧ. ಇದು ನನ್ನ ಪೆಟಗೀನ, ಪೈಜು ಕಟ್ತೀನಿ."

ಅದು ಭೋಂಗಾ. ಆತ್ಯಾ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಕಾಕಾರಿಗೆ ನಾನು ಇಂದಿಗೂ ಹೇಳಿಲ್ಲ. ಅವರು ಇದನ್ನು ಓದಿದರೆ ಕ್ಷಮಿಸಬೇಕು.

ನಾಟಕ ಶನಿವಾರ ಮಧ್ಯಾಹ್ನ ಎರಡೂವರೆಗೆ. ಗಣಪತಿ ಮಂಡಳಗಳು ಊಟ ಮಾಡಿ ಒಂದಿಷ್ಟು ಉಸಿರು ಬಿಡುವ ಹೊತ್ತು ಅದೊಂದೇ. ಸುಮಾರು ಅರವತ್ತು ಮಂದಿ ಬಂದರು. ಒದ್ದೆ ಛತ್ರಿಗಳ ರಾಶಿ, ಚಪ್ಪಲಿಗಳ ರಾಶಿ. ಕುರ್ಚಿಗಳು ನಡುವೆ, ಒಂದೊಂದು ಒಂದೊಂದು ಕಡೆಗೆ ಮುಖ ಮಾಡಿ. ಹಿರಿಯರೊಬ್ಬರು ರಂಗ ಯಾವ ಕಡೆ ಎಂದು ಸಿಟ್ಟಾಗಿ ಕೇಳುತ್ತಲೇ ಇದ್ದರು. ಹನಮಂತಪ್ಪ ಹೆಂಡತಿ ಮಕ್ಕಳೊಂದಿಗೆ, ತನ್ನ ತಂಡದ ಹತ್ತು ಮಂದಿಯೊಂದಿಗೆ ಬಂದಿದ್ದ. ಆತ್ಯಾ ಎಲ್ಲರಿಗೂ ಕಣ್ಣು ಮುಚ್ಚಿರಿ ಎಂದು ತಾಕೀತು ಮಾಡಿ, ತಾನೂ ಹೋಗಿ ನಡುವಿನ ಸಾಲಿನಲ್ಲಿ ಕೂತಳು. ನಾನು ಗೋಡೆಯ ಪಕ್ಕ ಲ್ಯಾಪ್‌ಟಾಪಿನ ಮುಂದೆ. ತೋಳು ಚಾಚಿ ತೋರಿಸಿ ಎಂದು ಇವರಿಗೆ ಹೇಳುವಂತಿಲ್ಲ, ಇವರು ನಾಟಕ ಕೇಳಲು ಬಂದವರು. ಆಡು ಎಲ್ಲಿದೆಯೆಂದು ನನಗೆ ಇಂದು ಯಾರು ಹೇಳಬೇಕು?

ಮದುವೆ ಮನೆಯ ಗದ್ದಲ, ಚೀಟಿ ಎಲ್ಲಿ ಎಂಬ ಕೂಗು, ಜನ ನಕ್ಕರು. ನನಗೆ ಎಲ್ಲವೂ ಬಲಗಿವಿಯಲ್ಲಿ ಒಂದೇ ಗುಡ್ಡೆಯಾಗಿ ಕೇಳುತ್ತಿತ್ತು. ಆಮೇಲೆ ಆಡು ಮ್ಯಾಂ ಎಂದು ಓಡಿತು.

ಅರವತ್ತು ತಲೆಗಳು ಹೊರಳಿದವು.

ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, ತಮಗೇ ಗೊತ್ತಿಲ್ಲದೆ, ಆಡು ಹೋದತ್ತ ಎಲ್ಲರ ಮುಖಗಳೂ ತಿರುಗುತ್ತ ಹೋದವು. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ರಂಗಕ್ಕೆ, ರಂಗದಿಂದ ಮತ್ತೆ ಬಾಗಿಲಿಗೆ. ಎಲ್ಲೂ ತಡೆಯಲಿಲ್ಲ, ಎಲ್ಲೂ ಜಿಗಿಯಲಿಲ್ಲ. ಕಾಕಾರ ತಲೆ ತಮ್ಮ ಪೆಟ್ಟಿಗೆಯ ಮುಂದೆ ನಿಲ್ಲಲಿಲ್ಲ, ಸರೋಜಾ ಮಾವಶಿಯದು ರೇಡಿಯೋದ ಮುಂದೆ ನಿಲ್ಲಲಿಲ್ಲ. ರಂಗ ಯಾವ ಕಡೆ ಎಂದು ಕೇಳುತ್ತಿದ್ದ ಹಿರಿಯರು ಕುರ್ಚಿಯಲ್ಲೇ ಹೊರಳಿ ಹೊರಳಿ ಪಕ್ಕದವರ ಮಡಿಲಿಗೆ ಬೀಳುವುದರಲ್ಲಿದ್ದರು. ನಾನು ಕೇಳಲಾಗದ ಆಡನ್ನು ಮೂರು ಸುತ್ತೂ ಕಣ್ಣಾರೆ ನೋಡಿದೆ. ಕೊನೆಗೆ ಅದು ಜನರ ನಡುವೆ ನುಗ್ಗಿದಾಗ, ಹಿಂದಿನ ಸಾಲಿನ ಒಬ್ಬ ಹೆಂಗಸು "ಹೋಯ್!" ಎಂದು ಸೀರೆ ಎತ್ತಿಕೊಂಡು ಕಾಲು ಮೇಲೆ ಮಾಡಿದಳು. ನನಗೆ ಅಷ್ಟು ಸಂತೋಷ ಯಾವ ಕೆಲಸದಲ್ಲೂ ಆಗಿರಲಿಲ್ಲ, ಎರಡು ಕಿವಿ ಇದ್ದಾಗಲೂ.

ಜನ ಇನ್ನೂ ಚಪ್ಪಾಳೆ ಹೊಡೆಯುತ್ತಿರುವಾಗಲೇ ನಾನು ವಾಡೆಯ ಅಂಗಳಕ್ಕೆ ಬಂದು ಮ್ಯಾಡಮ್‌ಗೆ ಫೋನ್ ಮಾಡಿದೆ. ನನಗೆ ಬಂದದ್ದು ಟೈಫಾಯ್ಡ್ ಅಲ್ಲ ಎಂದೆ. ಎಡಗಿವಿ ಹೋಗಿದೆ, ಬರುವುದಿಲ್ಲ, ನಿಮಗೆ ಸುಳ್ಳು ಹೇಳಿದೆ ಎಂದೆ. ಆದರೂ ಬಾರಾಮತಿಯ ಕೆಲಸ ಮಾಡಬಲ್ಲೆ, ಹೇಗೆಂದು ಈಗ ಗೊತ್ತಾಗಿದೆ, ಆ ಊರಿನ ಹತ್ತು ಮಂದಿಯನ್ನು ದಿನಾ ಒಂದು ತಾಸು ನನ್ನ ಜೊತೆ ಕೂರಿಸಿ ಎಂದೆ. ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದೆ. ಫೋನನ್ನು ಬಲಗಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ದಹಾ ಕಾ? ವೀಸ ದೇತೇ," ಎಂದರು ಮ್ಯಾಡಮ್. ಹತ್ತು ಯಾಕೆ, ಇಪ್ಪತ್ತು ಕೊಡುತ್ತೇನೆ. "ಕಧೀ ಯೇತೇಸ?"

ಯಾವಾಗ ಬರುತ್ತೀ ಎಂದು ಕೇಳುತ್ತಿದ್ದರು. ವಿಸರ್ಜನೆಯ ಮರುದಿನ ಎಂದೆ.